ಅಪ್ಪನ ಮರೆವಿನ ಜೊತೆ ಬಾಳುವುದು: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಕಾಫಿ ತೋಟದ ಮನೆಗಳಲ್ಲಿ ಈ ಮರೆವು ಹೆಚ್ಚಾಗಿ ಬಟವಾಡೆಯ ದಿನ ಗೊತ್ತಾಗುತ್ತದೆ. ಹಾಜರಿ ಪುಸ್ತಕ ತೆರೆಯದೆಯೇ ಯಾರದು ಎಷ್ಟು ದಿನ, ಯಾರಿಗೆ ಎಷ್ಟು ಮುಂಗಡ ಎಂದು ಹೇಳುತ್ತಿದ್ದ ಯಜಮಾನರು ಒಬ್ಬನಿಗೇ ಎರಡು ಸಲ ಕೂಲಿ ಕೊಡುತ್ತಾರೆ. ಮೆಣಸು ಮಾರಿದ್ದಾಯಿತೇ ಎಂದು ಒಂದು ಗಂಟೆಯೊಳಗೆ ನಾಲ್ಕು ಸಲ ಕೇಳುತ್ತಾರೆ. ತಾವೇ ಗಿಡ ನೆಟ್ಟ ತೋಟದೊಳಗೆ ನಿಂತು, ಮನೆ ಯಾವ ಕಡೆ ಎಂದು ತಡವರಿಸುತ್ತಾರೆ. "ಅರವತ್ತಕ್ಕೆ ಅರಳು ಮರಳು" ಎಂದು ಮನೆಯವರು ಸುಮ್ಮನಾಗುತ್ತಾರೆ. ಆ ಒಂದು ಗಾದೆಯ ಭರವಸೆಯಲ್ಲಿ ಎಷ್ಟೋ ಮನೆಗಳಲ್ಲಿ ಒಂದೆರಡು ವರ್ಷ ಹಾಗೇ ಕಳೆದುಹೋಗುತ್ತದೆ.

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ನೋಡುವುದು ಕಾಯಿಲೆ. ನೆಂಟರ ಹೆಸರು ಬೆಳಗ್ಗೆ ಬಾಯಿಗೆ ಬಾರದೆ ಸಂಜೆ ನೆನಪಾದರೆ ಚಿಂತೆಯಿಲ್ಲ. ಬೆಳಗ್ಗೆ ಬಂದು ರೊಟ್ಟಿ ತಿಂದು ಹೋದ ನೆಂಟರು ಬಂದೇ ಇಲ್ಲ ಎಂದರೆ ಡಾಕ್ಟರಿಗೆ ತೋರಿಸಬೇಕು. ದಿನದ ಕೆಲಸ ಕೆಡುತ್ತಿದೆಯೇ ಎಂಬುದನ್ನು ನೋಡಿ: ಲೆಕ್ಕ, ಮಾತ್ರೆ, ದಾರಿ, ಬಟ್ಟೆ ತೊಡುವುದು. ಇವುಗಳಲ್ಲಿ ಎರಡು ಕೆಡುತ್ತಿದ್ದರೆ ಕಾಯಬೇಡಿ.

ಈ ಬರಹದಲ್ಲಿ ಏನೇ ಹೇಳಿದರೂ ಅದರ ಬುಡದಲ್ಲಿರುವುದು ಒಂದೇ: ಅಪ್ಪನನ್ನು ತಿದ್ದಲು ಹೋಗಬೇಡಿ, ಮನೆಯನ್ನು, ದಿನಚರಿಯನ್ನು ತಿದ್ದಿ. ಹೊಸ ಸಂಗತಿಯನ್ನು ಹಿಡಿದಿಡುವ ಮೆದುಳಿನ ಭಾಗವೇ ಸವೆಯುತ್ತಿರುವಾಗ "ಈಗ ತಾನೇ ಹೇಳಿದ್ನಲ್ಲಪ್ಪ" ಎಂದರೆ ಆ ಮಾತೂ ಅಲ್ಲಿ ನಿಲ್ಲುವುದಿಲ್ಲ. ಬೈಸಿಕೊಂಡ ನೋವು ಮಾತ್ರ ಉಳಿಯುತ್ತದೆ. ಯಾತಕ್ಕೆ ಬೈದರು ಎಂಬುದು ಮರೆತ ಮೇಲೂ ಆ ಕಹಿ ಸಂಜೆಯವರೆಗೆ ಮುಖದಲ್ಲಿರುತ್ತದೆ.

ಮೊದಲು ಎರಡು ವಾರ ಬರೆದಿಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ದಿನಕ್ಕೆ ಐದು ಸಾಲು ಸಾಕು: ಏನು ಮರೆತರು, ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು, ಮೂತ್ರ-ಮಲ ಹೇಗಿತ್ತು, ಬಿದ್ದರೇ. ಮರೆವು ಯಾವಾಗ ಶುರುವಾಯಿತು, ನಿಧಾನವಾಗಿ ಬಂತೇ ಅಥವಾ ಮೆಟ್ಟಿಲು ಇಳಿದ ಹಾಗೆ ಒಮ್ಮೊಮ್ಮೆಗೇ ಕುಸಿಯಿತೇ ಎಂದು ಮೊದಲ ಪುಟದಲ್ಲೇ ಬರೆಯಿರಿ. ನಿಧಾನವಾಗಿ ಬಂದದ್ದು ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯ ಕಡೆಗೆ, ಮೆಟ್ಟಿಲು ಮೆಟ್ಟಿಲಾಗಿ ಕುಸಿದದ್ದು ಮೆದುಳಿನ ರಕ್ತನಾಳದ ತೊಂದರೆಯ ಕಡೆಗೆ ಬೆರಳು ತೋರಿಸುತ್ತದೆ. ಹೀಗಾಗಿ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೂ ಹೆಚ್ಚಾಗಿ ಇದೇ ಆಗಿರುತ್ತದೆ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕೈಚೀಲಕ್ಕೆ ಹಾಕಿಕೊಳ್ಳಿ. ಬಿಪಿ, ಸಕ್ಕರೆ ಮಾತ್ರೆ ಮಾತ್ರ ಅಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ ನೆಗಡಿ ಮಾತ್ರೆ, ನಿದ್ದೆ ಮಾತ್ರೆ, ಮಂಡಿನೋವಿನ ಎಣ್ಣೆ, ನಾಟಿ ಔಷಧಿ ಎಲ್ಲವೂ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಂಪರು ತರಿಸುವ ಹಳೆಯ ನೆಗಡಿ-ಅಲರ್ಜಿ ಮಾತ್ರೆಗಳು (ಕ್ಲೋರ್‌ಫೆನಿರಮೈನ್ ಇರುವಂಥವು), ಖಿನ್ನತೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ವಯಸ್ಸಾದವರ ನೆನಪನ್ನು ಮಂಕು ಮಾಡುತ್ತವೆ. ಅಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆಯೂ ಅಷ್ಟೇ. ಆದರೆ ಅದನ್ನು ನೀವಾಗಿ ಒಂದೇ ಸಲಕ್ಕೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಯಾರಿಗೆ ತೋರಿಸಬೇಕು, ಏನು ಕೇಳಬೇಕು

ಹಾಸನದವರಿಗೆ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆ, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ ಹತ್ತಿರ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮಾನಸಿಕ ತಜ್ಞರು ಬರುವ ವ್ಯವಸ್ಥೆಯಿದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಆ ವಾರ ಬರುತ್ತಾರೆಯೇ ಎಂದು ಕೇಳಿಕೊಳ್ಳಿ. ಮೊದಲ ಸಲವೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಓಡಬೇಕಿಲ್ಲ. ಇಲ್ಲಿನ ರಕ್ತ ಪರೀಕ್ಷೆ, ಸ್ಕ್ಯಾನ್ ಮುಗಿಸಿಕೊಂಡು ಹೋದರೆ ಅಲ್ಲಿ ಒಂದು ದಿನದ ಅಲೆದಾಟ ತಪ್ಪುತ್ತದೆ. "ಆಸ್ಪತ್ರೆಗೆ ಯಾಕೆ, ನಂಗೇನಾಗಿದೆ?" ಎಂದು ಅಪ್ಪ ಹಟ ಹಿಡಿದರೆ ಮರೆವಿನ ಮಾತೇ ಎತ್ತಬೇಡಿ. ಬಿಪಿ ನೋಡಿಸಿಕೊಂಡು ಬರೋಣ ಎನ್ನಿ. ಅದು ಸುಳ್ಳೂ ಅಲ್ಲ.

ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇವೆ. ಅವನ್ನು ಮೊದಲು ಹುಡುಕಬೇಕು. ಡಾಕ್ಟರು ತಾವಾಗಿ ಬರೆಯದಿದ್ದರೆ ಇವುಗಳ ಬಗ್ಗೆ ಕೇಳಿ:

ವಿಟಮಿನ್ ಬಿ12: ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ, ಗ್ಯಾಸ್ ಮಾತ್ರೆಯನ್ನು ಅಭ್ಯಾಸ ಮಾಡಿಕೊಂಡವರಲ್ಲಿ, ಸಸ್ಯಾಹಾರಿಗಳಲ್ಲಿ ಕಡಿಮೆಯಾಗಿರುತ್ತದೆ.

ಟಿಎಸ್‌ಎಚ್: ಥೈರಾಯ್ಡ್ ಕುಗ್ಗಿದರೆ ಮಂಕು, ಮರೆವು, ಚಳಿ, ಮಲಬದ್ಧತೆ ಒಟ್ಟೊಟ್ಟಿಗೆ ಬರುತ್ತವೆ.

ಸೋಡಿಯಂ: ಮೂತ್ರ ಹೆಚ್ಚಿಸುವ ಜಾತಿಯ ಬಿಪಿ ಮಾತ್ರೆ ತಿನ್ನುವವರಲ್ಲಿ ಇಳಿದುಬಿಡುತ್ತದೆ. ಒಂದೆರಡು ದಿನದಲ್ಲೇ ಮನುಷ್ಯ ಗೊಂದಲಕ್ಕೆ ಬೀಳುತ್ತಾನೆ.

ಇವುಗಳ ಜೊತೆ ಹಿಮೋಗ್ಲೋಬಿನ್, ಸಕ್ಕರೆ, ಕಿಡ್ನಿಯ ಕ್ರಿಯಾಟಿನಿನ್, ಲಿವರ್ ಪರೀಕ್ಷೆ. ತಲೆಯ ಸಿಟಿ ಅಥವಾ ಎಂಆರ್‌ಐ ಒಂದು ಸಲ ಆಗಲೇಬೇಕು. ತೋಟದಲ್ಲಿ ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟಾಗಿ ಎಲ್ಲರೂ ಮರೆತಿರುತ್ತಾರೆ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ವಾರಗಳ ನಂತರ ಮರೆವು, ತೂಕಡಿಕೆ, ಕಾಲೆಳೆಯುವುದು ಕಾಣಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಇದರ ಅಪಾಯ ಹೆಚ್ಚು. ಸಮಯಕ್ಕೆ ಗೊತ್ತಾದರೆ ಚಿಕಿತ್ಸೆಯಿಂದ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಕಿವಿ, ಕಣ್ಣನ್ನೂ ಮರೆಯಬೇಡಿ. ಕಿವಿಯಲ್ಲಿ ಗುಗ್ಗೆ ತುಂಬಿ ಮಾತು ಕೇಳಿಸದವರನ್ನು, ಪೊರೆ ಬಂದು ಮುಖ ಕಾಣದವರನ್ನು ಮರೆಗುಳಿಗಳೆಂದು ತಪ್ಪು ತಿಳಿಯುವುದುಂಟು. ಹೆಂಡತಿ ತೀರಿಕೊಂಡ ಮೇಲೆ ಬರುವ ಖಿನ್ನತೆಯೂ ಹೊರಗಿನಿಂದ ಮರೆವಿನಂತೆಯೇ ಕಾಣುತ್ತದೆ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಎಂದೇ ತೀರ್ಮಾನವಾದರೆ ಡೊನೆಪೆಜಿಲ್ ಅಥವಾ ಮೆಮ್ಯಾಂಟಿನ್ ಬರೆಯಬಹುದು. ಇವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ; ಕೆಲವರಿಗೆ ಕೆಲವು ಕಾಲ ಗಮನ, ದಿನದ ಕೆಲಸವನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತವೆ. ಡೊನೆಪೆಜಿಲ್ ಸಾಮಾನ್ಯವಾಗಿ 5 ಮಿಲಿಗ್ರಾಮ್‌ನಿಂದ ಶುರುವಾಗಿ, ನಾಲ್ಕರಿಂದ ಆರು ವಾರದ ಮೇಲೆ 10ಕ್ಕೆ ಏರುತ್ತದೆ. ಹೊಟ್ಟೆ ತೊಳಸುವುದು, ಭೇದಿ, ಕೆಟ್ಟ ಕನಸು ಬಂದರೆ ಡಾಕ್ಟರಿಗೆ ಹೇಳಿ. ರಾತ್ರಿಯ ಮಾತ್ರೆಯನ್ನು ಬೆಳಗ್ಗೆಗೆ ಬದಲಿಸಿದರೆ ಕನಸು ಕಡಿಮೆಯಾಗುವುದುಂಟು. ನಾಡಿ ನಿಧಾನವಾಗಿ ತಲೆಸುತ್ತು ಬಂದರೆ ಮಾತ್ರ ತಡ ಮಾಡಬೇಡಿ. ಇಲ್ಲದ ಮಕ್ಕಳು, ನಾಯಿ ಕಾಣಿಸುತ್ತಿವೆ ಎನ್ನುತ್ತಾ ಕೈಕಾಲು ಬಿಗಿಯಾಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಅಂಥವರಿಗೆ ಭ್ರಮೆ, ಗಲಾಟೆ ತಗ್ಗಿಸಲು ಕೊಡುವ ಹ್ಯಾಲೋಪೆರಿಡಾಲ್‌ನಂಥ ಔಷಧಿ ದೊಡ್ಡ ಅಪಾಯ ತರಬಹುದು.

ಮಾತ್ರೆಯ ಡಬ್ಬಿ ಅಪ್ಪನ ಕೈಗೆ ಬೇಡ. ತಿಂದದ್ದು ಮರೆತು ಮತ್ತೆ ತಿನ್ನುತ್ತಾರೆ. ವಾರದ ಏಳು ಖಾನೆಯ ಡಬ್ಬಿ ತುಂಬಿ ಬೀರುವಿನಲ್ಲಿಡಿ, ಕೈಗೆ ಕೊಟ್ಟು ನುಂಗಿದ್ದನ್ನು ಕಣ್ಣಾರೆ ನೋಡಿ.

ಕಾಗದಪತ್ರ: ಬುದ್ಧಿ ಸ್ವಾಧೀನದಲ್ಲಿರುವಾಗಲೇ

ಈ ಮಾತನ್ನು ಎಲ್ಲರೂ ಮುಂದೂಡುತ್ತಾರೆ. ನಾವು ಮಾತ್ರ ಆಸ್ಪತ್ರೆಯ ಮೊದಲ ಭೇಟಿಯ ಬೆನ್ನಲ್ಲೇ ಇದನ್ನು ಮಾಡಿ ಎನ್ನುತ್ತೇವೆ, ಏಕೆಂದರೆ ಇದಕ್ಕಿರುವ ಕಾಲ ಚಿಕ್ಕದು.

"ಪವರ್ ಆಫ್ ಅಟಾರ್ನಿ ಮಾಡಿಸಿದ್ದೀವಿ, ಮುಂದೆ ಯೋಚನೆಯಿಲ್ಲ" ಎಂಬುದು ತಪ್ಪು ತಿಳಿವಳಿಕೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ನಿಮಗೆ ಅದು ಬೇಕಾಗುವ ಹೊತ್ತಿಗೇ ಅದು ಬಿದ್ದುಹೋಗಿರುತ್ತದೆ. ಆಮೇಲೆ ಪೋಷಕರ ನೇಮಕಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಈಗ ಮಾಡಬಹುದಾದದ್ದು: ಬ್ಯಾಂಕ್ ಖಾತೆಯನ್ನು "ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಬದುಕುಳಿದವರು" ಎಂಬ ಜಂಟಿ ಖಾತೆ ಮಾಡಿ, ಎಲ್ಲ ಖಾತೆ, ಠೇವಣಿ, ವಿಮೆಗೂ ನಾಮಿನಿ ಹಾಕಿಸಿ. ಎಟಿಎಂ ಕಾರ್ಡಿನ ಮಿತಿ ಇಳಿಸಿ. ಒಟಿಪಿ ಬರುವ ಫೋನು ನಿಮ್ಮ ಹತ್ತಿರ ಇರಲಿ, ಅಪ್ಪನಿಗೆ ಬರೀ ಮಾತಾಡುವ ಬಟನ್ ಫೋನು ಸಾಕು. ಫೋನಿನಲ್ಲಿ ದುಡ್ಡು ಹೊಡೆಯುವವರಿಗೆ ಇಂಥವರೇ ಸುಲಭದ ತುತ್ತು. ಸೊಸೈಟಿ ಸಾಲ, ಅಡವಿಟ್ಟ ಒಡವೆ, ಕೈಗಡ, ಮೇಸ್ತ್ರಿಗೆ ಕೊಟ್ಟ ಮುಂಗಡ ಇವನ್ನೆಲ್ಲ ಅಪ್ಪನ ಬಾಯಲ್ಲಿ ಕೇಳಿ ಬರೆದುಕೊಳ್ಳಿ. ಸಂಜೆಗಿಂತ ಬೆಳಗ್ಗೆ ಹತ್ತರ ಸುಮಾರಿಗೆ ನೆನಪು ಚೆನ್ನಾಗಿರುತ್ತದೆ. ಪಹಣಿ ತೆಗೆಸಿ, ಯಾವ ಸರ್ವೆ ನಂಬರಿನ ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದೆ ನೋಡಿ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಬಾಕಿಯಿದ್ದರೆ ಈಗಲೇ ಮಾಡಿಸಿ.

ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮುಂದೆ ತಕರಾರು ಬಂದಾಗ ನೆರವಾಗುತ್ತದೆ. ಅದೇ ದಿನದ ತಾರೀಕಿನಲ್ಲಿ "ಅರ್ಥ ಮಾಡಿಕೊಂಡು ಸಹಿ ಮಾಡುವ ಸ್ಥಿತಿಯಲ್ಲಿದ್ದಾರೆ" ಎಂಬ ಡಾಕ್ಟರ ಪ್ರಮಾಣಪತ್ರ ಇಟ್ಟುಕೊಳ್ಳಿ. ಓಡಾಡಲಾಗದಷ್ಟು ಅಶಕ್ತರಾಗಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೆ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ಅರ್ಜಿ ಕೊಡಬೇಕು. ದಾನಪತ್ರ ಮಾಡುವುದಾದರೆ, ಪಡೆದವರು ಅಪ್ಪನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಬಹುದು ಎಂಬ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ರಕ್ಷಣೆಗೆ ಅದು ಆಧಾರ. ಅಪ್ಪನಿಗೆ ಅರ್ಥವಾಗದ ಸ್ಥಿತಿ ಬಂದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಅಣ್ಣತಮ್ಮಂದಿರ ಮಧ್ಯೆ ವ್ಯಾಜ್ಯ ಹುಟ್ಟುವುದೂ ಅಲ್ಲಿಂದಲೇ.

ಪಿಂಚಣಿ ಇದ್ದರೆ ನವೆಂಬರಿನ ಜೀವಿತ ಪ್ರಮಾಣಪತ್ರ ನೆನಪಿರಲಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೇವೆಯಿದೆ, ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಬೆರಳಚ್ಚು ಸವೆದವರಿಗೆ ಮುಖ ತೋರಿಸುವುದೇ ಸುಲಭ.

ಮನೆಯನ್ನು ತಿದ್ದುವುದು

ಮಲೆನಾಡಿನ ಹಳೆಯ ಮನೆ ವಯಸ್ಸಾದವರಿಗೆ ಅಂತ ಕಟ್ಟಿದ್ದಲ್ಲ. ಎತ್ತರದ ಹೊಸಿಲು, ಕತ್ತಲೆಯ ನಡುಮನೆ, ಅಂಗಳದಾಚೆ ಬಚ್ಚಲು. ಒಂದು ದಿನ ಅಪ್ಪನ ಮಂಚದಿಂದ ಬಚ್ಚಲಿನವರೆಗೆ, ರಾತ್ರಿ, ಕನ್ನಡಕವಿಲ್ಲದೆ, ನೀವೇ ನಡೆದು ನೋಡಿ. ಎಲ್ಲಿ ಕೈ ಗೋಡೆಗೆ ಹೋಗುತ್ತದೋ ಅಲ್ಲಿ ಹಿಡಿಕೆ ಬೇಕು.

ಹಿಡಿಕೆಗೆ ಒಂದೂಕಾಲು ಇಂಚಿನ ಸ್ಟೀಲ್ ಪೈಪು, ನೆಲದಿಂದ 32ರಿಂದ 36 ಇಂಚು ಎತ್ತರದಲ್ಲಿ. ಮಣ್ಣಿನ ಗೋಡೆಗೆ ಬರೀ ಸ್ಕ್ರೂ ನಿಲ್ಲುವುದಿಲ್ಲ. ನೆಲದಿಂದ ಎದ್ದ ಕಂಬಕ್ಕೆ ವೆಲ್ಡ್ ಮಾಡಿಸಿ ಕಾಂಕ್ರೀಟಿನಲ್ಲಿ ಹೂಳಿ. ಹೊಸಿಲಿನ ಅಂಚಿಗೆ ಎರಡಿಂಚು ಅಗಲದ ಹಳದಿ ಬಣ್ಣ ಬಳಿಯಿರಿ. ಕೆಂಪು ನೆಲದ ಕಪ್ಪು ಅಂಚು, ಕಪ್ಪು ಕಾಲೊರೆಸು ಮರೆವಿನವರಿಗೆ ಗುಂಡಿಯಂತೆ ಕಾಣುವುದುಂಟು. ಅದನ್ನು ದಾಟಲು ಕಾಲೆತ್ತಿ ಮುಗ್ಗರಿಸುತ್ತಾರೆ, ಇಲ್ಲವೇ ಅಲ್ಲೇ ನಿಂತುಬಿಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು. ಕರೆಂಟು ಹೋದ ತಕ್ಷಣ ತಾನೇ ಹೊತ್ತುವ ಎಮರ್ಜೆನ್ಸಿ ದೀಪ ಎರಡು ಇರಲಿ, ಒಂದು ಮಂಚದ ಹತ್ತಿರ, ಒಂದು ಬಚ್ಚಲ ದಾರಿಯಲ್ಲಿ. ಅಂಗಳದ ಪಾಚಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು. ಆ ನಾಲ್ಕು ತಿಂಗಳು ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟುಬಿಡುವುದು ಒಳ್ಳೆಯದು.

ಬಚ್ಚಲಿನ ಒಳಚಿಲಕ ತೆಗೆಸಿ. ಹಂಡೆಯ ನೀರು ಅಪ್ಪನ ಕೈಗೆ ಸಿಗಬಾರದು: ಬಿಸಿ ಎಷ್ಟಿದೆ ಎಂದು ಅಳೆಯುವ ಅಂದಾಜು ಅವರಲ್ಲಿ ಉಳಿದಿರುವುದಿಲ್ಲ, ಕುದಿಯುವ ನೀರನ್ನೇ ಚೊಂಬಿನಲ್ಲಿ ಸುರಿದುಕೊಳ್ಳುತ್ತಾರೆ. ಎರಡು ಬಕೆಟ್ ನೀರನ್ನು ಮೊದಲೇ ಹದ ಮಾಡಿ, ಮೊಣಕೈ ಅದ್ದಿ ನೋಡಿ, ಹಂಡೆಯ ಮೇಲೆ ಮುಚ್ಚಳ ಹಾಕಿ ಆಮೇಲೆ ಕರೆಯಿರಿ. ಸ್ನಾನಕ್ಕೆ ಹಟ ಮಾಡುವುದು ಸೋಮಾರಿತನದಿಂದಲ್ಲ. ಚಳಿ, ನಾಚಿಕೆ, ತಲೆಯ ಮೇಲೆ ದಿಢೀರ್ ಬೀಳುವ ನೀರಿನ ಭಯ ಇವೇ ಕಾರಣ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಟವೆಲ್ ಹೊದಿಸಿ, ಪಾದದಿಂದ ನೀರು ಶುರು ಮಾಡಿ ಮೇಲಕ್ಕೆ ಬನ್ನಿ, ತಲೆ ಕೊನೆಗೆ. ವಾರಕ್ಕೆ ಮೂರು ಸ್ನಾನ ಸಾಕು, ಉಳಿದ ದಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರಾಯಿತು.

ಮನೆಯೊಳಗಿನ ವಿಷವನ್ನು ಹೊರಗೆ ಹಾಕುವುದು ಇದಕ್ಕಿಂತ ತುರ್ತಿನದು. ಸ್ಪ್ರೇ ಔಷಧಿ, ಕಳೆನಾಶಕ, ಬೋರ್ಡೊ ದ್ರಾವಣದ ಮೈಲುತುತ್ತ ಬೇರೆ ಕೊಠಡಿಯಲ್ಲಿ ಬೀಗದೊಳಗಿರಲಿ. ಅಳೆದು ಉಳಿದದ್ದನ್ನು ನೀರಿನ ಬಾಟಲಿಗೋ ಹಳೆಯ ಕ್ವಾರ್ಟರ್ ಬಾಟಲಿಗೋ ಹಾಕಿಡುವ ಅಭ್ಯಾಸ ಇವತ್ತೇ ನಿಲ್ಲಲಿ. ಕತ್ತಿ, ಕುಡುಗೋಲು ಕಣ್ಣಿಗೆ ಬೀಳದಿರಲಿ. ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದ್ದರೆ ಬೀರುವಿನ ಬೀಗ ಸಾಲದು: ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಮುಸ್ಸಂಜೆಯಲ್ಲಿ ಸ್ವಂತ ಮಗನನ್ನೇ ಕಳ್ಳ ಎಂದುಕೊಳ್ಳುವ ಕಾಯಿಲೆ ಇದು. ಗ್ಯಾಸಿನ ರೆಗ್ಯುಲೇಟರ್ ಪ್ರತಿ ಸಲ ಆಫ್ ಮಾಡಿ.

ಜೀಪು, ಬೈಕು ಬಿಡಿಸುವುದು ಬಲು ಕಷ್ಟ, ಯಜಮಾನಿಕೆಯೇ ಹೋದಂತೆ ಅನಿಸುತ್ತದೆ ಅವರಿಗೆ. ನೀವು ಬೇಡ ಎನ್ನುವ ಬದಲು "ಗಾಡಿ ಓಡಿಸಬಾರದು" ಎಂದು ಡಾಕ್ಟರ ಚೀಟಿಯಲ್ಲೇ ಬರೆಸಿ, ಕೇಳಿದಾಗಲೆಲ್ಲ ಅದನ್ನು ತೋರಿಸಿ. ಆದರೂ ಕೀಲಿ ಹುಡುಕಿದರೆ ಬ್ಯಾಟರಿಯ ಒಂದು ವೈರು ಬಿಚ್ಚಿಡಿ. ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ದಿನಕ್ಕೊಮ್ಮೆ ತೋಟ ಸುತ್ತಿಸಿ ಬನ್ನಿ.

ಮಾತು

"ಬಟವಾಡೆ ಆಯ್ತೇನೋ?"

"ಆಯ್ತು ಅಪ್ಪಾಜಿ, ಎಲ್ರಿಗೂ ಕೊಟ್ಟೆ."

ಐದು ನಿಮಿಷ ಬಿಟ್ಟು ಮತ್ತೆ ಅದೇ. ಹತ್ತನೆಯ ಸಲ ನಿಮ್ಮ ದನಿ ಗಡಸಾಗುತ್ತದೆ. ಆಗ ಉತ್ತರ ಬದಲಿಸಬೇಡಿ, ಕೈಗೆ ಏನಾದರೂ ಕೊಡಿ. ಹಾಜರಿ ಪುಸ್ತಕವನ್ನೇ ಕೊಟ್ಟು "ನೋಡಿ ಅಪ್ಪಾಜಿ, ಸರಿಯಾಗಿ ಬರ್ದಿದೀನಾ?" ಎನ್ನಿ. ಅವರು ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಾರೆ, ಕೂಡುವ ಲೆಕ್ಕ ಮಧ್ಯದಲ್ಲೇ ತಪ್ಪುತ್ತದೆ, ಕೊನೆಗೆ "ಹ್ಞೂಂ, ಸರಿಯಾಗಿದೆ" ಎಂದು ಪುಸ್ತಕ ಮುಚ್ಚುತ್ತಾರೆ. ಅವರಿಗೆ ಬೇಕಿದ್ದದ್ದು ಉತ್ತರ ಅಲ್ಲ, ತೋಟ ತಮ್ಮ ಹಿಡಿತದಲ್ಲಿದೆ ಎಂಬ ಧೈರ್ಯ. ಗೋಡೆಗೆ ಒಂದು ಕಪ್ಪು ಹಲಗೆ ಹಾಕಿ ಅಂದಿನ ವಾರ, ತಾರೀಕು, "ಬಟವಾಡೆ ಆಗಿದೆ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಓದು ಉಳಿದಿರುವವರೆಗೆ ಇದು ಕೆಲಸಕ್ಕೆ ಬರುತ್ತದೆ.

ತೀರಿಕೊಂಡ ಅಮ್ಮನನ್ನು ಕೇಳುವುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. "ನಿಮ್ಮವ್ವ ಎಲ್ಲೋ?" ಎಂದಾಗ "ಅವ್ವ ಸತ್ತು ಆರು ವರ್ಷ ಆಯ್ತಲ್ಲ" ಎಂದರೆ, ಅವರಿಗೆ ಅದು ಆಗಷ್ಟೇ ಬಂದ ಸಾವಿನ ಸುದ್ದಿ. ನಾಳೆಯೂ ಕೇಳುತ್ತಾರೆ, ನಾಳೆಯೂ ಅದೇ ದುಃಖ. "ಅವ್ವ ನೆನಪಾದ್ಲಾ? ಅವ್ಳು ಮಾಡ್ತಿದ್ದ ಕಳಲೆ ಪಲ್ಯ ಈಗ್ಲೂ ನಾಲಗೆ ಮೇಲೈತೆ" ಎಂದು ಅವ್ವನ ಮಾತನ್ನೇ ಮುಂದುವರಿಸಿ. ನೇರವಾಗಿ "ಸತ್ತಿದಾಳಾ?" ಎಂದೇ ಕೇಳಿದರೆ ಸುಳ್ಳು ಹೇಳಬೇಡಿ, ಮೆಲ್ಲಗೆ ಹೌದೆಂದು ಹೇಳಿ ಕೈ ಹಿಡಿದು ಕೂತುಕೊಳ್ಳಿ.

ದುಡ್ಡು ಕದ್ದರು ಎಂಬ ಆರೋಪ ಸೊಸೆಯ ಮೇಲೋ ಮನೆಗೆಲಸದವಳ ಮೇಲೋ ಬರುತ್ತದೆ. ಇಟ್ಟ ಜಾಗ ಮರೆತಿರುತ್ತದೆ, ಇಟ್ಟದ್ದೇ ನೆನಪಿರುವುದಿಲ್ಲ, ಹಾಗಾಗಿ ಕದ್ದದ್ದು ಎಂಬುದೊಂದೇ ಅವರ ಮೆದುಳಿಗೆ ಸಿಗುವ ಕಾರಣ. "ಹುಡುಕೋಣ ಬನ್ನಿ" ಎಂದು ಜೊತೆಗೂಡಿ. ಹಾಸಿಗೆಯಡಿ, ಅಕ್ಕಿ ಡ್ರಮ್ಮು, ಕೋಟಿನ ಜೇಬು, ಗೋಣಿಚೀಲದ ಮಡಿಕೆ: ಎರಡು ಮೂರು ಜಾಗಗಳೇ ಮತ್ತೆ ಮತ್ತೆ ಬರುತ್ತವೆ. ಹತ್ತು, ಇಪ್ಪತ್ತರ ನೋಟಿರುವ ಒಂದು ಪರ್ಸು ಸದಾ ಅವರ ಜೇಬಿನಲ್ಲಿರಲಿ. ಅವರ ಮಾತೊಂದನ್ನೇ ನಂಬಿ ಕೆಲಸದವರನ್ನು ಬಿಡಿಸಬೇಡಿ. ಕೆಲಸದವರಿಗೆ ಮೊದಲೇ ಕಾಯಿಲೆಯ ವಿಷಯ ಹೇಳಿ, ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೇಳಿಕೊಳ್ಳಿ.

ಮುಸ್ಸಂಜೆ

ನಾಲ್ಕೂವರೆ ದಾಟಿದ ಮೇಲೆ ಚಡಪಡಿಕೆ ಶುರುವಾಗುತ್ತದೆ. ಸ್ವಂತ ಮನೆಯಲ್ಲೇ ಕೂತು "ಮನೆಗೆ ಹೋಗ್ಬೇಕು" ಎನ್ನುತ್ತಾರೆ. ಬೆಳಕು ಇಳಿದು ನೆರಳು ಉದ್ದವಾಗುವುದು, ದಿನದ ದಣಿವು, ಮೈಯೊಳಗಿನ ಗಡಿಯಾರ ತಪ್ಪಿರುವುದು ಇದಕ್ಕೆ ಕಾರಣ. ಆಷಾಢದ ಮಳೆಯಲ್ಲಿ ಮೂರು ಗಂಟೆಗೇ ಮೋಡ ಕವಿದರೆ ಚಡಪಡಿಕೆಯೂ ಮೂರಕ್ಕೇ ಬರುತ್ತದೆ. ಕತ್ತಲಾಗುವ ಮುಂಚೆಯೇ ಮನೆಯ ಎಲ್ಲ ದೀಪ ಹಾಕಿ, ಕಿಟಕಿಯ ಪರದೆ ಎಳೆಯಿರಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ಮೂರರ ನಂತರ ಕಾಫಿ ಬೇಡ, ಬಿಸಿ ಹಾಲೋ ಜೀರಿಗೆ ಕಷಾಯವೋ ಸಾಕು. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಕಣದಲ್ಲಿ ಕೂರಿಸಿದರೆ ರಾತ್ರಿಯ ನಿದ್ದೆ ಸುಧಾರಿಸುತ್ತದೆ.

ಆ ಹೊತ್ತಿಗೆ ಕೈಗೆ ಕೆಲಸ ಬೇಕು. ಮೊರದಲ್ಲಿ ಕಾಳುಮೆಣಸು ಹಾಕಿ ಕಡ್ಡಿ ಆರಿಸಲು ಕೊಡಿ. ಅವರೆ ಕಾಲದಲ್ಲಿ ಒಂದು ಸೇರು ಅವರೆಕಾಯಿ ಮುಂದಿಟ್ಟರೆ ಒಂದು ಗಂಟೆ ಸದ್ದಿಲ್ಲ. ಮರೆವಿನ ಕಾಯಿಲೆಯಲ್ಲಿ ಹೆಸರು, ತಾರೀಕು ಮೊದಲು ಹೋಗುತ್ತವೆ. ಬೆರಳುಗಳು ಕಲಿತದ್ದು ಬಹಳ ಕಾಲ ಉಳಿಯುತ್ತದೆ. ಹೆಬ್ಬೆರಳು ಸಿಪ್ಪೆಯ ಬೆನ್ನು ಒತ್ತುವುದು, ಕಾಳು ತಟ್ಟೆಗೆ ಬೀಳುವುದು, ಹುಳುಕನ್ನು ನೋಡದೆಯೇ ಪಕ್ಕಕ್ಕೆ ಎಸೆಯುವುದು ಎಲ್ಲ ಮೊದಲಿನ ಹಾಗೇ ನಡೆಯುತ್ತದೆ. ಆರಿಸಿದ್ದನ್ನು ಅವರ ಕಣ್ಣೆದುರೇ ಮತ್ತೆ ಆರಿಸಬೇಡಿ.

ಮನೆ ಬಿಟ್ಟು ಹೊರಟರೆ

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಇದು ಬರೀ ದಾರಿ ತಪ್ಪುವ ಮಾತಲ್ಲ, ಆನೆ ಓಡಾಡುವ ಜಾಗ. ಆದ್ದರಿಂದ ಮೊದಲೇ ತಯಾರಿ ಬೇಕು. ಎಲ್ಲ ಹೊರಬಾಗಿಲಿಗೂ ದನದ ಕೊರಳ ಗಂಟೆ ಕಟ್ಟಿ. ತೋಟದ ಕಣಿವೆಗಳಲ್ಲಿ ಸಿಗ್ನಲ್ ಸಿಗದೆ ಜಿಪಿಎಸ್ ಗಡಿಯಾರ ಕೈಕೊಡುತ್ತದೆ, ಗಂಟೆ ಕೈಕೊಡುವುದಿಲ್ಲ. ಚಿಲಕವನ್ನು ಕಣ್ಣಳತೆಗಿಂತ ಮೇಲೆ ಅಥವಾ ಬಾಗಿಲಿನ ಬುಡದಲ್ಲಿ ಹಾಕಿಸಿ, ಆದರೆ ಒಬ್ಬರನ್ನೇ ಒಳಗೆ ಕೂಡಿ ಬೀಗ ಹಾಕಿ ಹೋಗಬೇಡಿ. ಪ್ರತಿ ಅಂಗಿಯ ಒಳಜೇಬಿಗೆ ಫೋನ್ ನಂಬರ್ ಹೊಲಿದಿಡಿ. ಇತ್ತೀಚಿನ ಒಂದು ಪೂರ್ತಿ ನಿಲುವಿನ ಫೋಟೋ ಫೋನಿನಲ್ಲಿರಲಿ. ತೋಟದ ಕೂಲಿಯವರ ಲೈನ್ ಮನೆಯವರು, ಹಾಲಿನ ಡೇರಿ, ಆಟೋ ಸ್ಟ್ಯಾಂಡ್, ಊರಿಗೆ ಬರುವ ಬಸ್ಸಿನ ಕಂಡಕ್ಟರ್ ಇವರಿಗೆಲ್ಲ ಹೇಳಿಡಿ. ಮುಚ್ಚಿಟ್ಟರೆ ಮರ್ಯಾದೆ ಉಳಿಯಬಹುದು, ಮನುಷ್ಯ ಸಿಗುವುದು ತಡವಾಗುತ್ತದೆ. ಕೆರೆ, ಕೃಷಿ ಹೊಂಡ, ತೆರೆದ ಬಾವಿಗೆ ಬೇಲಿಯಿಲ್ಲದಿದ್ದರೆ ಈ ಬೇಸಿಗೆಯಲ್ಲೇ ಹಾಕಿಸಿ.

ಕಾಣೆಯಾದರೆ ಮೊದಲು ನೀರಿರುವ ಜಾಗಕ್ಕೆ ಓಡಿ, ಇನ್ನೊಬ್ಬರು ಅವರ ಹಳೆಯ ದಾರಿಗಳಲ್ಲಿ ಹುಡುಕಲಿ: ಹುಟ್ಟಿದ ಊರಿನ ದಾರಿ, ಹಳೆಯ ಶಾಲೆ, ದೇವಸ್ಥಾನ, ಮಾರಿಹೋದ ಗದ್ದೆ. ಪೊದೆ, ಬೇಲಿಗೆ ಸಿಕ್ಕಿಕೊಂಡು ಮುಂದೆ ಹೋಗಲಾಗದೆ ಅಲ್ಲೇ ನಿಂತಿರುತ್ತಾರೆ, ಕರೆದರೆ ಓಗೊಡುವುದಿಲ್ಲ. ಹಾಗಾಗಿ ಕಾಫಿ ಗಿಡದ ಸಾಲುಗಳ ಒಳಗೇ ನುಗ್ಗಿ ನೋಡಬೇಕು. ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಆನೆ ಇರುವ ಕಡೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಗೂ ತಿಳಿಸಿ. ಹಿಂಡು ಯಾವ ತೋಟದಲ್ಲಿದೆ ಎಂದು ತಿಳಿಯದೆ ಹುಡುಕುವವರೂ ಒಳಗೆ ಇಳಿಯಬಾರದು. ಸಿಕ್ಕ ಮೇಲೆ ಬೈಯಬೇಡಿ.

ಒಂದೆರಡು ದಿನದಲ್ಲೇ ಒಮ್ಮೆಲೇ ಹದಗೆಟ್ಟರೆ

ಮರೆವಿನ ಕಾಯಿಲೆ ತಿಂಗಳುಗಟ್ಟಲೆಯಲ್ಲಿ ಇಳಿಯುತ್ತದೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಗುರುತೇ ಹಿಡಿಯದೆ ಬಡಬಡಿಸಿದರೆ, ಅಥವಾ ಎಬ್ಬಿಸಿದರೂ ಏಳದೆ ಮಂಕಾಗಿ ಮಲಗಿದ್ದರೆ, ಬೇರೇನೋ ಆಗಿದೆ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿತ, ಹೊಸ ಮಾತ್ರೆ, ತಲೆಗೆ ಬಿದ್ದ ಪೆಟ್ಟು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿಕೊಂಡು, ಅದನ್ನು ಹೇಳಲು ಬಾರದೆ ಒದ್ದಾಡುವುದು ತುಂಬಾ ಸಾಮಾನ್ಯ. ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬಿದೆಯೇ ಮುಟ್ಟಿ ನೋಡಿ. ಮಲ ನಾಲ್ಕು ದಿನ ಕಟ್ಟಿದರೂ ಹೀಗಾಗುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ, "ನಿನ್ನೆಯವರೆಗೆ ಹೀಗಿರಲಿಲ್ಲ" ಎಂಬ ವಾಕ್ಯವನ್ನೇ ಮೊದಲು ಹೇಳಿ. ಬಾಯಿ ಸೊಟ್ಟಗಾಗಿ ಕೈ ಬಿದ್ದರೆ ನಿಮಿಷವೂ ತಡ ಬೇಡ, 108.

ಊಟ

ತಿಂಗಳಿಗೊಮ್ಮೆ ತೂಕ ನೋಡಿ. ಕಾಫಿ ತೂಗುವ ಕಾಟಾ ಮೇಲಾದರೂ ಸರಿ. ಒಂದೇ ತಿಂಗಳಲ್ಲಿ ಎರಡು ಕಿಲೋ ಇಳಿದರೆ ತೋರಿಸಿ. ತಟ್ಟೆಯಲ್ಲಿ ಒಂದು ಸಲಕ್ಕೆ ಒಂದೇ ಪದಾರ್ಥ ಬಡಿಸಿ, ನಾಲ್ಕು ಬಗೆ ಒಟ್ಟಿಗಿದ್ದರೆ ಯಾವುದಕ್ಕೆ ಕೈ ಹಾಕುವುದೆಂದು ತಿಳಿಯದೆ ಎದ್ದುಬಿಡುತ್ತಾರೆ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಕಾಣುವುದಿಲ್ಲ, ಬಣ್ಣದ ತಟ್ಟೆ ಒಳ್ಳೆಯದು. ಮಳೆಗಾಲದಲ್ಲಿ ಬಾಯಾರಿಕೆ ಗೊತ್ತಾಗದು. ಎರಡು ಗಂಟೆಗೊಮ್ಮೆ ಲೋಟ ಕೈಗೇ ಕೊಡಿ, ಸಾರು, ಮಜ್ಜಿಗೆ, ಗಂಜಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೃದಯ, ಕಿಡ್ನಿ ತೊಂದರೆ ಇದ್ದರೆ ಮಾತ್ರ ನೀರಿನ ಅಳತೆಯನ್ನು ಡಾಕ್ಟರೇ ಹೇಳಬೇಕು.

ಉಣ್ಣುವಾಗ ಕೆಮ್ಮು, ಊಟವಾದ ಮೇಲೆ ದನಿ ಗೊರಗೊರ ಎನ್ನುವುದು, ತುತ್ತು ದವಡೆಯಲ್ಲೇ ಉಳಿಯುವುದು ಕಂಡರೆ ನುಂಗುವಿಕೆ ಸೋಲುತ್ತಿದೆ ಎಂದು ಅರ್ಥ. ಆಗ ಮುದ್ದೆಯನ್ನು ಅಗಿಯದೆ ನುಂಗುವ ಹಳೆಯ ರೂಢಿಯೇ ಅಪಾಯ, ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಟೀ ಚಮಚದಷ್ಟೇ ತುತ್ತು. ಮೊದಲನೆಯದು ಇಳಿದ ಮೇಲೆ ಎರಡನೆಯದು. ತೆಳು ನೀರಿಗಿಂತ ರಾಗಿ ಅಂಬಲಿಯಂಥ ಮಂದ ಪದಾರ್ಥ ಸುಲಭವಾಗಿ ಇಳಿಯುತ್ತದೆ. ಊಟವಾದ ಮೇ‌ಲೆ ಅರ್ಧ ಗಂಟೆ ಮಲಗಿಸಬೇಡಿ. ಹಾಸಿಗೆ ಹಿಡಿದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಬೆನ್ನಿನ ಬುಡ, ಹಿಮ್ಮಡಿ ದಿನವೂ ನೋಡಿ, ಒತ್ತಿದರೂ ಮಾಯವಾಗದ ಕೆಂಪು ಕಲೆಯೇ ಹುಣ್ಣಿನ ಮೊದಲ ಗುರುತು.

ನೋಡಿಕೊಳ್ಳುವವರು

ಈ ಕೆಲಸ ಹೆಚ್ಚಿನ ಮನೆಗಳಲ್ಲಿ ಸೊಸೆಯ ಅಥವಾ ಮಗಳೊಬ್ಬಳ ಹೆಗಲಿಗೇ ಬೀಳುತ್ತದೆ. ಬೆಂಗಳೂರಿನಿಂದ ಭಾನುವಾರ ಬರುವ ಮಕ್ಕಳು "ಅಪ್ಪಾಜಿ ಚೆನ್ನಾಗೇ ಇದಾರಲ್ಲ" ಎಂದು ಹೋಗುತ್ತಾರೆ. ಬಂದವರ ಮುಂದೆ ಒಂದೆರಡು ಗಂಟೆ ಸರಿಯಾಗಿ ಮಾತಾಡುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ವಾದ ಬೇಡ. ನೋಟ್‌ಬುಕ್ ಕೈಗೆ ಕೊಟ್ಟು, ಎರಡು ರಾತ್ರಿ ಅಪ್ಪನ ಕೋಣೆಯಲ್ಲಿ ಅವರನ್ನೇ ಮಲಗಿಸಿ, ನೋಡಿಕೊಳ್ಳುವವರು ತವರಿಗೋ ಗೆಳತಿಯ ಮನೆಗೋ ಹೋಗಿಬರಲಿ. ತಿಂಗಳ ಖರ್ಚು ಬರೆದು ಎಲ್ಲ ಮಕ್ಕಳಿಗೂ ಕಳಿಸಿ. ದುಡ್ಡು ಕೊಡುವವರು ದುಡ್ಡು, ದಿನ ಕೊಡುವವರು ದಿನ ಕೊಡಲಿ, ಆದರೆ ಯಾರದು ಯಾವ ವಾರ ಎಂದು ಕ್ಯಾಲೆಂಡರಿನಲ್ಲಿ ಬರೆದಿರಬೇಕು.

ನಿದ್ದೆಯಿಲ್ಲದೆ ವಾರ ಕಳೆದಿದ್ದರೆ, ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬರನ್ನು ಕರೆದು, ಹೊರಗೆ ಕಣದ ತನಕ ನಡೆದು ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿನಲ್ಲಾದರೂ, ದುಡ್ಡಿಲ್ಲದೆ. ಕಾಯಿಲೆಯವರಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ಅದು ಇದೆ. ಹಿರಿಯರಿಗೆ ಸಂಬಂಧಿಸಿದ ಬೇರೆ ನೆರವಿಗೆ 14567. ಎರಡನ್ನೂ ನೋಟ್‌ಬುಕ್ಕಿನ ರಟ್ಟಿನ ಮೇಲೆ, 112 ಮತ್ತು 108ರ ಕೆಳಗೆ, ದಪ್ಪ ಅಕ್ಷರದಲ್ಲಿ ಬರೆದಿಡಿ.